ಕಳೆದದ್ದು ಹುಡುಕಿಕೊಡುವ ಸಂತ ಅಂತೋಣಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳವಾರ ಸಂಜೆ ಯಾವ ಅಂತೋಣಿಯವರ ಚರ್ಚಿಗೆ ಹೋದರೂ ಜನ ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ ಥರ ಇರುತ್ತವೆ. ಮಂಗಳವಾರವೇ ಯಾಕೆ? ಕೈಯಲ್ಲಿ ಮಗು ಯಾಕೆ? ನಾಲಿಗೆ ಇನ್ನೂ ಇದೆಯಂತೆ, ನಿಜಾನಾ? ಅವನ್ನೆಲ್ಲ ಒಂದೇ ಕಡೆ ಹಾಕಿ ಉತ್ತರ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ರತಿಮೆಯ ಸೌಮ್ಯ ಮುಖ ನೋಡಿ ನಾವು ಇವರನ್ನು ಬೀಗದಕೈ ಹುಡುಕಿಕೊಡುವ ಸಂತರು ಅಂತಷ್ಟೇ ಅಂದುಕೊಂಡಿದ್ದೇವೆ. ಬದುಕಿದ್ದಾಗ ಮಾತ್ರ ಅವರು ಬಡ್ಡಿ ಸಾಹುಕಾರರ ನಿದ್ದೆ ಕೆಡಿಸಿದ ಮನುಷ್ಯ. ಆ ಭಾಗದ ಬಗ್ಗೆ ಯಾರೂ ಕೇಳುವುದೇ ಇಲ್ಲ, ಅದಕ್ಕೇ ಅದನ್ನು ನಾನೇ ಸೇರಿಸಿದ್ದೇನೆ.

ಇವರು ಯಾರು? ಚಿಕ್ಕದಾಗಿ ಹೇಳಿ.

1195ರ ಸುಮಾರಿಗೆ ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಹುಟ್ಟಿದವರು. ಮನೆಯಲ್ಲಿ ಇಟ್ಟ ಹೆಸರು ಫೆರ್ನಾಂಡೊ. ಮೊದಲು ಅಗಸ್ಟೀನರ ಮಠ ಸೇರಿದರು, ಆಮೇಲೆ ಅದನ್ನು ಬಿಟ್ಟು ಅಸ್ಸಿಸಿಯ ಸಂತ ಫ್ರಾನ್ಸಿಸರು ಕಟ್ಟಿದ ಫ್ರಾನ್ಸಿಸ್ಕನ್ ಸಭೆಗೆ ಬಂದರು. ಇಟಲಿ ಮತ್ತು ದಕ್ಷಿಣ ಫ್ರಾನ್ಸ್‌ನಲ್ಲಿ ಊರೂರು ತಿರುಗಿ ಪ್ರಬೋಧನೆ ಮಾಡಿದರು. 1231ರ ಜೂನ್ 13ರಂದು ಇಟಲಿಯ ಪದುವಾ ಊರಿನ ಹೊರಗೆ ತೀರಿಕೊಂಡರು. ಆಗ ವಯಸ್ಸು ಬರೀ ಮೂವತ್ತಾರರ ಆಸುಪಾಸು. ಹತ್ತೇ ಹತ್ತು ವರ್ಷ ಜನರ ಮಧ್ಯೆ ಕೆಲಸ ಮಾಡಿದ್ದು, ಅದಕ್ಕೆ ಎಂಟುನೂರು ವರ್ಷದ ಹೆಸರು.

ಲಿಸ್ಬನ್‌ನವರನ್ನು 'ಪದುವಾದ ಅಂತೋಣಿ' ಅನ್ನುವುದು ಯಾಕೆ?

ಸಂತರಿಗೆ ಸಾಮಾನ್ಯವಾಗಿ ಅವರು ತೀರಿಕೊಂಡ, ಸಮಾಧಿ ಇರುವ ಊರಿನ ಹೆಸರು ಅಂಟಿಕೊಳ್ಳುತ್ತದೆ. ಪದುವಾದಲ್ಲಿ ಅವರು ಇದ್ದದ್ದು ಕಡೆಯ ಕೆಲವೇ ಕಾಲ. ಆದರೂ ಆ ಊರಿನವರಿಗೆ ಅವರು ಎಷ್ಟು ನಮ್ಮವರು ಅಂದರೆ, ಅಲ್ಲಿ 'ಇಲ್ ಸಾಂತೊ', ಅಂದರೆ 'ಆ ಸಂತರು' ಅಂದರೆ ಸಾಕು. ಹೆಸರು ಹೇಳುವ ಅಗತ್ಯವೇ ಇಲ್ಲ. ಪೋರ್ಚುಗೀಸರು ಇದನ್ನು ಒಪ್ಪುವುದಿಲ್ಲ ಬಿಡಿ. ಅವರಿಗೆ ಇಂದಿಗೂ 'ಲಿಸ್ಬನ್‌ನ ಅಂತೋಣಿ'ಯೇ.

ಹಂದಿ ಜೊತೆಗಿರುವ ಅಂತೋಣಿಯವರು ಇವರೇನಾ?

ಅಲ್ಲ. ಅವರು ಈಜಿಪ್ಟಿನ ಮರುಭೂಮಿಯಲ್ಲಿದ್ದ ತಪಸ್ವಿ ಅಂತೋಣಿ. ಸುಮಾರು ಒಂಬತ್ತು ಶತಮಾನ ಹಿಂದಿನವರು. ಅವರ ಹಬ್ಬ ಜನವರಿ 17ಕ್ಕೆ. ಗಡ್ಡ, ಊರುಗೋಲು, ಗಂಟೆ, ಹಂದಿ ಇದ್ದರೆ ಅವರು. ನುಣ್ಣಗೆ ಬೋಳಿಸಿದ ಮುಖ, ಕಂದು ನಿಲುವಂಗಿ, ತೋಳಲ್ಲಿ ಬಾಲಯೇಸು ಇದ್ದರೆ ನಮ್ಮವರು. 'ಸಂತ ಅಂತೋಣಿಯ ಬೆಂಕಿ' ಅಂತ ಹಳೆಯ ಪುಸ್ತಕಗಳಲ್ಲಿ ಬರುವ ಕಾಯಿಲೆಯೂ ಈಜಿಪ್ಟಿನವರ ಲೆಕ್ಕಕ್ಕೇ ಸೇರಿದ್ದು.

ಇಬ್ಬರಿಗೂ ಸಂಬಂಧ ಇಲ್ಲವೇ ಇಲ್ಲ ಅನ್ನುವ ಹಾಗೂ ಇಲ್ಲ. ಫೆರ್ನಾಂಡೊ ಫ್ರಾನ್ಸಿಸ್ಕನ್ ಆಗಿದ್ದು ಕೊಯಿಂಬ್ರಾ ಊರಿನ ಹತ್ತಿರದ ಒಂದು ಪುಟ್ಟ ಆಶ್ರಮದಲ್ಲಿ. ಆ ಆಶ್ರಮ ಈಜಿಪ್ಟಿನ ಅಂತೋಣಿಯವರ ಹೆಸರಲ್ಲಿತ್ತು. ಇವರು ಅದೇ ಹೆಸರನ್ನು ಇಟ್ಟುಕೊಂಡರು.

ಆರಾಮಾಗಿದ್ದ ಮಠ ಬಿಟ್ಟು ಭಿಕ್ಷೆ ಬೇಡುವವರ ಜೊತೆ ಯಾಕೆ ಹೋದರು?

ಅವರ ಇಡೀ ಜೀವನ ತಿರುಗಿದ್ದು ಇಲ್ಲೇ. ಕೊಯಿಂಬ್ರಾದ ಸಾಂತಾ ಕ್ರೂಸ್ ಅಂದರೆ ಆಗಿನ ಪೋರ್ಚುಗಲ್‌ನ ದೊಡ್ಡ ಮಠ. ಅರಮನೆಯ ಬೆಂಬಲ, ದೊಡ್ಡ ಗ್ರಂಥಾಲಯ, ಓದಿದವರ ಸಹವಾಸ. ಫೆರ್ನಾಂಡೊ ಅಲ್ಲಿ ವರ್ಷಗಟ್ಟಲೆ ಕೂತು ಓದಿದರು. ಬೈಬಲ್ ಅವರ ಬಾಯಲ್ಲೇ ಇತ್ತು ಅನ್ನುವ ಮಾತು ಹುಟ್ಟಿದ್ದು ಆ ಓದಿನಿಂದ.

1220ರ ಜನವರಿಯಲ್ಲಿ ಮೊರಾಕ್ಕೊದಲ್ಲಿ ಐದು ಜನ ಫ್ರಾನ್ಸಿಸ್ಕನ್ ಸಹೋದರರನ್ನು ಕೊಂದರು. ಅವರ ದೇಹದ ಅವಶೇಷಗಳನ್ನು ತಂದಿಟ್ಟದ್ದು ಇದೇ ಮಠಕ್ಕೆ. ಅದನ್ನು ನೋಡಿದ ಮೇಲೆ ಫೆರ್ನಾಂಡೊಗೆ ಪುಸ್ತಕದ ಮುಂದೆ ಕೂರಲು ಆಗಲಿಲ್ಲ. ಫ್ರಾನ್ಸಿಸ್ಕನ್ನರು ಆಗ ಹೊಸಬರು, ಬಡವರು, ಹೆಚ್ಚು ಓದಿದವರಲ್ಲ. ಭಿಕ್ಷೆಗೆ ಬಂದ ಅವರಿಗೆ ಇವರು ಹಾಕಿದ ಷರತ್ತು ಒಂದೇ: ನಾನು ನಿಮ್ಮ ಜೊತೆ ಬರುತ್ತೇನೆ, ನನ್ನನ್ನೂ ಮೊರಾಕ್ಕೊಗೆ ಕಳಿಸಬೇಕು. ಅಂದರೆ ಸಾಯುವುದಕ್ಕೇ ಹೊರಟಿದ್ದು.

ಮೊರಾಕ್ಕೊಗೆ ಹೋದರಾ?

ಹೋದರು. ಹೋಗಿ ಕಾಯಿಲೆ ಬಿದ್ದರು. ಚಳಿಗಾಲ ಪೂರ್ತಿ ಮಲಗಿದಲ್ಲೇ ಕಳೆದು ವಾಪಸ್ ಹಡಗು ಹತ್ತಿದರು. ಗಾಳಿ ಆ ಹಡಗನ್ನು ಪೋರ್ಚುಗಲ್ ಕಡೆ ಬಿಡದೆ ಸಿಸಿಲಿಗೆ ತಳ್ಳಿತು. ಇಟಲಿಗೆ ಅವರು ಬಂದದ್ದು ಹೀಗೆ, ತಾನಾಗಿ ಅಲ್ಲ. 1221ರಲ್ಲಿ ಅಸ್ಸಿಸಿಯಲ್ಲಿ ಸಭೆಯವರೆಲ್ಲ ಸೇರಿದ್ದ ದೊಡ್ಡ ಕೂಟಕ್ಕೂ ಹೋದರು. ಅಲ್ಲಿ ಯಾರಿಗೂ ಇವರ ಪರಿಚಯ ಇಲ್ಲ. ಎಲ್ಲರನ್ನೂ ಒಬ್ಬೊಬ್ಬ ಹಿರಿಯರು ಕರೆದುಕೊಂಡು ಹೋದರು, ಕೊನೆಗೆ ಉಳಿದವರು ಇವರೇ. ಕಡೆಗೆ ಫೋರ್ಲಿ ಊರಿನ ಹತ್ತಿರ ಮೋಂತೆಪಾವೊಲೊ ಅನ್ನುವ ಬೆಟ್ಟದ ಆಶ್ರಮಕ್ಕೆ ಕಳಿಸಿದರು. ಬಲಿಪೂಜೆ ಅರ್ಪಿಸುವುದಕ್ಕೆ ಅಲ್ಲಿ ಒಬ್ಬ ಗುರು ಬೇಕಿತ್ತು, ಅಷ್ಟೇ.

ಹಾಗಿದ್ದರೆ ಇಷ್ಟು ದೊಡ್ಡ ಬೋಧಕರು ಅಂತ ಗೊತ್ತಾಗಿದ್ದು ಯಾವಾಗ?

1222ರಲ್ಲಿ, ಅದೂ ಆಕಸ್ಮಿಕವಾಗಿ. ಫೋರ್ಲಿಯಲ್ಲಿ ಗುರುದೀಕ್ಷೆ ಕಾರ್ಯಕ್ರಮ ಇತ್ತು. ಡೊಮಿನಿಕನ್ ಅನ್ನುವ ಇನ್ನೊಂದು ಸಭೆಯವರೂ ಫ್ರಾನ್ಸಿಸ್ಕನ್ನರೂ ಸೇರಿದ್ದರು. ಮಾತಾಡಬೇಕಾದವರು ಯಾರು ಅಂತ ನೋಡಿದರೆ ಒಬ್ಬರೂ ತಯಾರಾಗಿ ಬಂದಿಲ್ಲ. ನೀವು ಮಾತಾಡಿ, ನೀವು ಮಾತಾಡಿ ಅಂತ ಒಬ್ಬರ ಮೇಲೊಬ್ಬರು ಹಾಕಿಕೊಂಡರು. ಕೊನೆಗೆ ಹಿರಿಯರು ಮೂಲೆಯಲ್ಲಿದ್ದ ಅಂತೋಣಿಯವರಿಗೆ 'ತೋಚಿದ್ದು ಹೇಳಪ್ಪ' ಅಂದುಬಿಟ್ಟರು. ಇವರಿಗೆ ಅಡುಗೆಮನೆ ಪಾತ್ರೆ ತೊಳೆಯುವುದೇ ಚೆನ್ನಾಗಿ ಬರುವುದು ಅಂತ ಜೊತೆಗಾರರು ನಂಬಿದ್ದರು ಅಂತ ಅವರ ಮೊದಲ ಜೀವನಚರಿತ್ರೆಯಲ್ಲೇ ಬರೆದಿದೆ. ಮೆಲ್ಲಗೆ ಶುರು ಮಾಡಿದವರು ಲ್ಯಾಟಿನ್‌ನಲ್ಲಿ ಬೈಬಲ್‌ನ ಒಂದು ಮಾತಿನಿಂದ ಇನ್ನೊಂದಕ್ಕೆ ಹೋಗುತ್ತಾ ಇದ್ದರೆ, ಕೂತಿದ್ದವರು ಬಾಯಿಬಿಟ್ಟುಕೊಂಡು ಕೇಳಿದರು. ಅಲ್ಲಿಗೆ ಪಾತ್ರೆ ತೊಳೆಯುವ ಕೆಲಸ ಮುಗಿಯಿತು.

ಸಂತ ಫ್ರಾನ್ಸಿಸರಿಗೂ ಇವರಿಗೂ ಪರಿಚಯ ಇತ್ತಾ?

ಇತ್ತು. ಫ್ರಾನ್ಸಿಸರಿಗೆ ಪಾಂಡಿತ್ಯದ ಬಗ್ಗೆ ಒಂದು ಅನುಮಾನ ಇದ್ದೇ ಇತ್ತು. ಓದು ಜಾಸ್ತಿಯಾದರೆ ಅಹಂಕಾರ ಬರುತ್ತದೆ ಅಂತ. ಆದರೂ ಇವರಿಗೆ ಒಂದು ಪುಟ್ಟ ಪತ್ರ ಬರೆದರು. ಸಹೋದರರಿಗೆ ನೀವು ದೇವಶಾಸ್ತ್ರ ಕಲಿಸುವುದು ನನಗೆ ಸಂತೋಷ, ಆದರೆ ಆ ಓದಿನಲ್ಲಿ ಪ್ರಾರ್ಥನೆಯ ಹುರುಪು ಆರಿಹೋಗಬಾರದು ಅನ್ನುವುದು ಅದರ ಸಾರ. ಅಂತೋಣಿಯವರನ್ನು ಆ ಪತ್ರದಲ್ಲಿ 'ನನ್ನ ಬಿಷಪರು' ಅಂತ ಕರೆದಿದ್ದಾರೆ. ಅದು ತಮಾಷೆಯೋ ಗೌರವವೋ, ನನಗೆ ಎರಡೂ ಅನ್ನಿಸುತ್ತದೆ. ಅಂತೋಣಿಯವರು ಬೊಲೊನ್ಯಾದಲ್ಲಿ ಸಹೋದರರಿಗೆ ಪಾಠ ಮಾಡಿದರು. ಆಮೇಲೆ ದಕ್ಷಿಣ ಫ್ರಾನ್ಸ್‌ಗೆ ಹೋದರು. 1227ರಿಂದ ಮೂರು ವರ್ಷ ಉತ್ತರ ಇಟಲಿಯಲ್ಲಿ ಸಭೆಯ ಪ್ರಾಂತ್ಯಾಧಿಕಾರಿ ಆಗಿದ್ದರು.

ಮೀನುಗಳಿಗೆ ಉಪದೇಶ ಮಾಡಿದ್ದು, ಹೇಸರಗತ್ತೆ ಪರಮಪ್ರಸಾದದ ಮುಂದೆ ಮಂಡಿಯೂರಿದ್ದು, ಇವೆಲ್ಲ ನಿಜಾನಾ?

ಕಥೆ ಮೊದಲು. ರಿಮಿನಿ ಊರಿನಲ್ಲಿ ಜನ ಇವರ ಮಾತಿಗೆ ಕಿವಿಗೊಡಲಿಲ್ಲ. ಇವರು ನೀರಿನ ಅಂಚಿಗೆ ಹೋಗಿ ಮೀನುಗಳನ್ನು ಕರೆದರು. ಚಿಕ್ಕವು ಮುಂದೆ, ದೊಡ್ಡವು ಹಿಂದೆ, ತಲೆ ಮೇಲೆತ್ತಿ ಸಾಲಾಗಿ ನಿಂತು ಕೇಳಿದವಂತೆ. ಹೇಸರಗತ್ತೆಯ ಕಥೆಯಲ್ಲಿ, ಪರಮಪ್ರಸಾದದಲ್ಲಿ, ಅಂದರೆ ಬಲಿಪೂಜೆಯ ಪವಿತ್ರ ರೊಟ್ಟಿಯಲ್ಲಿ, ಯೇಸು ಇದ್ದಾರೆ ಅನ್ನುವುದನ್ನು ಒಪ್ಪದ ಒಬ್ಬ ಮನುಷ್ಯ ತನ್ನ ಪ್ರಾಣಿಯನ್ನು ದಿನಗಟ್ಟಲೆ ಉಪವಾಸ ಕೆಡವಿ ಕರೆತಂದ. ಒಂದು ಕಡೆ ಹುಲ್ಲು, ಇನ್ನೊಂದು ಕಡೆ ಅಂತೋಣಿಯವರ ಕೈಯಲ್ಲಿ ಪರಮಪ್ರಸಾದ. ಹಸಿದ ಪ್ರಾಣಿ ಹುಲ್ಲು ಬಿಟ್ಟು ಮಂಡಿಯೂರಿತು.

ಈಗ ನಿಜದ ಮಾತು. ಸಂತರು ತೀರಿಕೊಂಡ ಒಂದು ವರ್ಷದ ಆಸುಪಾಸಿನಲ್ಲಿ ಹೆಸರು ಹೇಳದ ಒಬ್ಬ ಸಹೋದರರು ಬರೆದ ಮೊದಲ ಜೀವನಚರಿತ್ರೆಯಲ್ಲಿ ಮೀನೂ ಇಲ್ಲ, ಹೇಸರಗತ್ತೆಯೂ ಇಲ್ಲ. ಅವೆಲ್ಲ ಎಷ್ಟೋ ವರ್ಷ ಆದಮೇಲೆ ಬರೆದ ಪುಸ್ತಕಗಳಲ್ಲಿ ಸೇರಿಕೊಂಡವು. ಮೊದಲ ಪುಸ್ತಕದಲ್ಲಿರುವ ಪವಾಡಗಳು ಬಹುಪಾಲು ಸಮಾಧಿಯ ಹತ್ತಿರ ನಡೆದವು: ಕಾಲು ಬಂದವರು, ಕಣ್ಣು ಬಂದವರು, ಮೂರ್ಛೆರೋಗ ವಾಸಿಯಾದವರು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಚರ್ಚು ಕೂಡ ಮೀನಿನ ಕಥೆಯನ್ನು ವಿಶ್ವಾಸದ ಸತ್ಯ ಅಂತ ಯಾರ ಮೇಲೂ ಹೇರುವುದಿಲ್ಲ.

ಸಾಲಗಾರರ ಕಾನೂನು ಅಂದರೆ ಏನು? ಅದರ ಬಗ್ಗೆ ಕೇಳಿಯೇ ಇಲ್ಲ.

ಯಾರೂ ಕೇಳಿಲ್ಲ, ಅದೇ ನನ್ನ ತಕರಾರು!

1231ರ ತಪಸ್ಸು ಕಾಲ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ. ಪದುವಾ ಆಗ ದುಡ್ಡಿನ ಊರು. ವ್ಯಾಪಾರ ಜೋರು, ಬಡ್ಡಿ ವ್ಯವಹಾರ ಅದಕ್ಕಿಂತ ಜೋರು. ಸಾಲ ತೀರಿಸದವನನ್ನು ಜೈಲಿಗೆ ಹಾಕುತ್ತಿದ್ದರು. ಒಳಗೆ ಹೋದವನು ದುಡಿಯುವಂತಿಲ್ಲ, ದುಡಿಯದಿದ್ದರೆ ಸಾಲ ತೀರುವಂತಿಲ್ಲ. ಜಾಮೀನು ನಿಂತವನಿಗೂ ಅದೇ ಗತಿ. ಅಂತೋಣಿಯವರು ಆ ನಲವತ್ತು ದಿನವೂ ದಿನಾ ಪ್ರಬೋಧನೆ ಮಾಡಿದರು. ಜನ ಚರ್ಚಿನಲ್ಲಿ ಹಿಡಿಸಲಿಲ್ಲ. ಊರ ಹೊರಗಿನ ಬಯಲಿಗೆ ಹೋದರು. ಮೂವತ್ತು ಸಾವಿರ ಜನ ಸೇರುತ್ತಿದ್ದರು ಅಂತ ಮೊದಲ ಜೀವನಚರಿತ್ರೆ ಹೇಳುತ್ತದೆ. ಆ ಲೆಕ್ಕ ಸ್ವಲ್ಪ ಜಾಸ್ತಿಯೇ ಇರಬಹುದು, ಆದರೆ ಅದರಲ್ಲಿರುವ ಸಣ್ಣ ವಿವರಗಳು ಕಟ್ಟಿದ್ದು ಅನ್ನಿಸುವುದಿಲ್ಲ. ರಾತ್ರಿಯೇ ಎದ್ದು ದೀಪ ಹಿಡಿದುಕೊಂಡು ಜಾಗ ಹಿಡಿಯಲು ಓಡುತ್ತಿದ್ದರಂತೆ. ಪ್ರಬೋಧನೆ ಮುಗಿಯುವ ತನಕ ಅಂಗಡಿಯವರು ವ್ಯಾಪಾರಕ್ಕೆ ಕೂರುತ್ತಿರಲಿಲ್ಲ. ಹೆಂಗಸರು ಕತ್ತರಿ ತಂದು ಅವರ ನಿಲುವಂಗಿಯ ತುಂಡು ಕತ್ತರಿಸಿಕೊಳ್ಳಲು ನೋಡುತ್ತಿದ್ದರು. ಅದಕ್ಕೇ ಗಟ್ಟಿಮುಟ್ಟಾದ ಹುಡುಗರು ಅವರ ಸುತ್ತ ಕಾವಲು ನಿಲ್ಲಬೇಕಾಯಿತು. ನಮ್ಮ ಕಾಲದಲ್ಲಾಗಿದ್ದರೆ ಸೆಲ್ಫಿಗೆ ಮುಗಿಬೀಳುತ್ತಿದ್ದರು, ಅಲ್ವಾ?

ಇದೆಲ್ಲ ಬರೀ ಭಾಷಣದಲ್ಲಿ ಮುಗಿಯಲಿಲ್ಲ. 1231ರ ಮಾರ್ಚ್ 17ರಂದು ಪದುವಾ ನಗರಸಭೆ ಒಂದು ಕಟ್ಟಳೆ ಮಾಡಿತು. ಹಣದ ಸಾಲ ಒಂದೇ ಕಾರಣಕ್ಕೆ ಇನ್ನು ಮುಂದೆ ಯಾರನ್ನೂ ಜೈಲಿನಲ್ಲಿ ಇಡುವಂತಿಲ್ಲ, ಸಾಲಗಾರ ತನ್ನ ಆಸ್ತಿ ಬಿಟ್ಟುಕೊಟ್ಟರೆ ಸಾಕು. ಜಾಮೀನುದಾರರಿಗೂ ಇದೇ ರಿಯಾಯಿತಿ. ಸಹೋದರ ಅಂತೋಣಿಯವರ ಕೋರಿಕೆಯ ಮೇರೆಗೆ ಇದನ್ನು ಮಾಡಲಾಗಿದೆ ಅಂತ ಆ ಕಟ್ಟಳೆಯಲ್ಲೇ ಬರೆದಿದೆ. ಮೀನಿನ ಕಥೆಗೆ ಇಂಥ ದಾಖಲೆ ಇಲ್ಲ, ಇದಕ್ಕೆ ಇದೆ. ಬೀಗದಕೈ ಸಿಕ್ಕಿತು ಅಂತ ಕಾಣಿಕೆ ಹಾಕುವವರಿಗೆ ನನ್ನ ಆಕ್ಷೇಪ ಏನೂ ಇಲ್ಲ. ಆದರೆ ಸಾಲದ ಕಾಟದಲ್ಲಿರುವವರು ಈ ಸಂತರ ಹತ್ತಿರ ಹೋದರೆ ಅದಕ್ಕೆ ಇನ್ನೂ ಗಟ್ಟಿ ಕಾರಣ ಇದೆ.

ಜಿಪುಣನ ಹೃದಯ ತಿಜೋರಿಯಲ್ಲಿ ಸಿಕ್ಕಿದ ಕಥೆಯೂ ಇದೇನಾ?

ಅದು ದಂತಕಥೆ, ಆದರೆ ಬೇರು ಇದೇ. ಒಬ್ಬ ಬಡ್ಡಿ ಸಾಹುಕಾರ ಸತ್ತ. ಅವನ ಶವಸಂಸ್ಕಾರದಲ್ಲಿ ಅಂತೋಣಿಯವರು 'ನಿನ್ನ ಸಂಪತ್ತು ಎಲ್ಲಿದೆಯೋ ನಿನ್ನ ಹೃದಯವೂ ಅಲ್ಲೇ' ಅನ್ನುವ ಶುಭಸಂದೇಶದ ಮಾತು ಹಿಡಿದು ಮಾತಾಡಿದರು. ನಂಬದವರು ಎದೆ ಸೀಳಿ ನೋಡಿದರೆ ಹೃದಯವೇ ಇಲ್ಲ. ಅವನ ಹಣದ ಪೆಟ್ಟಿಗೆ ತೆಗೆದರೆ ಅಲ್ಲಿದೆ. ಶಿಲ್ಪಿ ಡೊನಾಟೆಲ್ಲೊ 1440ರ ದಶಕದಲ್ಲಿ ಇದನ್ನು ಕಂಚಿನಲ್ಲಿ ಮಾಡಿದ್ದು ಪದುವಾದ ಬೆಸಿಲಿಕಾದ, ಅಂದರೆ ಅಂತೋಣಿಯವರ ಸಮಾಧಿ ಇರುವ ದೊಡ್ಡ ಚರ್ಚಿನ, ಪೀಠದಲ್ಲಿ ಇಂದಿಗೂ ಇದೆ.

ಅವರು ಕೈಹಾಕಿದ್ದೆಲ್ಲ ಆಯಿತಾ?

ಇಲ್ಲ. ಅದೇ ವರ್ಷ ವೆರೋನಾಕ್ಕೆ ಹೋಗಿ, ಕ್ರೂರಿ ಅಂತ ಹೆಸರಾಗಿದ್ದ ಎಜ್ಜೆಲಿನೊ ದಾ ರೊಮಾನೊ ಎಂಬ ದೊರೆಯ ಕಡೆಯವರ ಮುಂದೆ ಬೇಡಿಕೊಂಡರು. ಸೆರೆಯಲ್ಲಿದ್ದ ಒಬ್ಬ ಕೌಂಟ್‌ನನ್ನೂ ಅವನ ಜೊತೆಯವರನ್ನೂ ಬಿಡಿ ಅಂತ. ಬಿಡಲಿಲ್ಲ. ಬರಿಗೈಲಿ ಬಂದರು. ಮುಂದಿನ ದಂತಕಥೆಗಳಲ್ಲಿ ಎಜ್ಜೆಲಿನೊ ಕಾಲಿಗೆ ಬಿದ್ದ ಅಂತ ಬದಲಾಯಿಸಿಬಿಟ್ಟರು. ನನಗಂತೂ ಸೋತ ಕಥೆಯೇ ಇಷ್ಟ.

ತೀರಿಕೊಂಡಿದ್ದು ಹೇಗೆ?

ನೀರು ತುಂಬಿ ಮೈ ಊದಿಕೊಳ್ಳುವ ಕಾಯಿಲೆ. ಕಡೆಯ ದಿನಗಳಲ್ಲಿ ಕಾಂಪೊಸಾಂಪಿಯೆರೊದಲ್ಲಿ ಒಂದು ದೊಡ್ಡ ಆಕ್ರೋಟ್ ಮರದ ಕೊಂಬೆಗಳ ಮೇಲೆ ಅವರಿಗೆ ಪುಟ್ಟ ಗುಡಿಸಲು ಕಟ್ಟಿಕೊಟ್ಟಿದ್ದರು. ಅಲ್ಲೇ ಪ್ರಾರ್ಥನೆ ಮಾಡುತ್ತಿದ್ದರು. ಜೂನ್ 13, ಶುಕ್ರವಾರ, ಊಟಕ್ಕೆ ಕೆಳಗಿಳಿದವರು ಕುಸಿದರು. ನನ್ನನ್ನು ಪದುವಾಕ್ಕೆ ಕರೆದುಕೊಂಡು ಹೋಗಿ ಅಂದರು. ಎತ್ತಿನ ಗಾಡಿಯಲ್ಲಿ ಹೊರಟರು. ಊರು ಮುಟ್ಟುವ ಮೊದಲೇ ಆರ್ಚೆಲ್ಲಾ ಎಂಬಲ್ಲಿ, ಕನ್ಯಾಸ್ತ್ರೀಯರ ಮಠದ ಹತ್ತಿರ ಗಾಡಿ ನಿಲ್ಲಿಸಬೇಕಾಯಿತು. ಪಾಪನಿವೇದನೆ ಮಾಡಿ, ಮಾತೆ ಮರಿಯಮ್ಮನ ಹಾಡು ಹೇಳಿ, 'ನನ್ನ ಪ್ರಭುವನ್ನು ನೋಡುತ್ತಿದ್ದೇನೆ' ಅಂದರಂತೆ.

ಆಮೇಲಿನ ಕಥೆ ಅಷ್ಟು ಶಾಂತವಾಗಿಲ್ಲ. ಸಹೋದರರು ಸಾವಿನ ಸುದ್ದಿ ಮುಚ್ಚಿಡಲು ನೋಡಿದರು. ಆದರೆ ಮಕ್ಕಳು ಬೀದಿ ಬೀದಿಯಲ್ಲಿ 'ಸಂತರು ಸತ್ತರು' ಅಂತ ಕೂಗಿಕೊಂಡು ಓಡಿದರು. ದೇಹ ನಮಗೆ ಬೇಕು ಅಂತ ಆರ್ಚೆಲ್ಲಾ ಕಡೆಯವರು, ನಮಗೆ ಬೇಕು ಅಂತ ಪದುವಾದ ಸಹೋದರರು. ಆಯುಧ ಹಿಡಿದು ಕಾವಲು ನಿಲ್ಲುವ ಮಟ್ಟಕ್ಕೆ ಹೋಯಿತು. ಬಿಷಪರೂ ನಗರದ ಅಧಿಕಾರಿಗಳೂ ನಡುವೆ ಬಂದು ಇತ್ಯರ್ಥ ಮಾಡಿದ ಮೇಲೆ, ಜೂನ್ 17ರ ಮಂಗಳವಾರ ಮಣ್ಣು ಮಾಡಿದ್ದು.

ಹಾಗಾದರೆ ಮಂಗಳವಾರದ ಭಕ್ತಿ ಶುರುವಾದದ್ದು ಅಲ್ಲಿಂದಲೇ?

ಹೌದು. ಸಮಾಧಿ ಮಾಡಿದ ದಿನವೇ ತುಂಬಾ ಜನಕ್ಕೆ ಕಾಯಿಲೆ ವಾಸಿಯಾಯಿತು ಅಂತ ಸುದ್ದಿ ಹಬ್ಬಿತು. ಸಾಲಾಗಿ ಒಂಬತ್ತು ಮಂಗಳವಾರ ನೊವೆನಾ, ಅಂದರೆ ಒಂಬತ್ತು ಸಲದ ಪ್ರಾರ್ಥನೆ, ಮಾಡುವ ಪದ್ಧತಿ ಹದಿನೇಳನೆಯ ಶತಮಾನದಲ್ಲಿ ಬೊಲೊನ್ಯಾದಿಂದ ಹರಡಿತು. ಹಬ್ಬ ಜೂನ್ 13ಕ್ಕೆ ಬರುವುದರಿಂದ ಕೆಲವರು ಹದಿಮೂರು ಮಂಗಳವಾರ ಮಾಡುತ್ತಾರೆ. ಒಂದು ವಾರ ತಪ್ಪಿದರೆ ಏನಾಗುತ್ತದೆ ಅಂತ ಗಾಬರಿಯಿಂದ ಕೇಳುವವರು ಇದ್ದಾರೆ. ಏನೂ ಆಗುವುದಿಲ್ಲ. ಮುಂದಿನ ವಾರ ಹೋಗಿ.

ತುಂಬಾ ಬೇಗ ಸಂತ ಪದವಿ ಸಿಕ್ಕಿದ್ದು ಇವರಿಗೇ ಅಂತಾರಲ್ಲ?

ಬೇಗ ಸಿಕ್ಕಿದ್ದು ನಿಜ. 1232ರ ಮೇ 30ರಂದು, ಪೆಂತಕೋಸ್ತ್ ಹಬ್ಬದ ದಿನ, ಸ್ಪೊಲೆಟೊದಲ್ಲಿ ಪೋಪ್ ಒಂಬತ್ತನೇ ಗ್ರೆಗೊರಿ ಘೋಷಿಸಿದರು. ತೀರಿಕೊಂಡು 352 ದಿನ. ಆದರೆ ಎಲ್ಲರಿಗಿಂತ ಬೇಗ ಅನ್ನುವುದು ಸರಿಯಲ್ಲ. 1252ರ ಏಪ್ರಿಲ್‌ನಲ್ಲಿ ಕೊಲೆಯಾದ ಡೊಮಿನಿಕನ್ ಗುರು, ವೆರೋನಾದ ಪೀಟರ್ ಅವರಿಗೆ 337 ದಿನಕ್ಕೇ ಆಯಿತು. ಇನ್ನೊಂದು ವಿಷಯ: ಗ್ರೆಗೊರಿಯವರು ಅಂತೋಣಿಯವರ ಪ್ರಬೋಧನೆಯನ್ನು ತಾವೇ ಕೇಳಿದ್ದರು, ಬೈಬಲ್‌ಜ್ಞಾನ ನೋಡಿ ಅವರನ್ನು 'ಒಡಂಬಡಿಕೆಯ ಮಂಜೂಷ' ಅಂತ ಕರೆದಿದ್ದರು. ಫೈಲು ಬೇಗ ಮುಂದೆ ಹೋದದ್ದಕ್ಕೆ ಅದೂ ಒಂದು ಕಾರಣ ಇರಬೇಕು.

ನಾಲಿಗೆ ಕೊಳೆತಿಲ್ಲ ಅನ್ನುವುದು?

1263ರ ಏಪ್ರಿಲ್‌ನಲ್ಲಿ ದೇಹವನ್ನು ಹೊಸ ಬೆಸಿಲಿಕಾಕ್ಕೆ ಸಾಗಿಸಲು ಪೆಟ್ಟಿಗೆ ತೆಗೆದರು. ಮೈಯೆಲ್ಲ ಮಣ್ಣಾಗಿತ್ತು, ಮೂಳೆ ಉಳಿದಿತ್ತು. ನಾಲಿಗೆ ಮಾತ್ರ ಕೆಡದೆ ಇತ್ತು. ಆಗ ಫ್ರಾನ್ಸಿಸ್ಕನ್ ಸಭೆಯ ಮುಖ್ಯಸ್ಥರಾಗಿದ್ದ ಬೊನವೆಂತೂರರು ಅದನ್ನು ಕೈಯಲ್ಲಿ ಹಿಡಿದು, ದೇವರನ್ನು ಸದಾ ಹೊಗಳಿದ ನಾಲಿಗೆಯೇ ಅಂತ ಮಾತಾಡಿಸಿದರು. ಈಗಲೂ ಬೆಸಿಲಿಕಾದ ಹಿಂಭಾಗದ ಅವಶೇಷಗಳ ಚಾಪೆಲ್‌ನಲ್ಲಿ ಚಿನ್ನದ ಕೆಲಸದ ಪಾತ್ರೆಯೊಳಗೆ ಇದೆ. ನೋಡಲು ಈಗ ಒಣಗಿ ಕಪ್ಪಾದ ಸಣ್ಣ ತುಂಡು. ಗುಲಾಬಿ ಬಣ್ಣದ್ದು ಇರುತ್ತದೆ ಅಂದುಕೊಂಡು ಹೋಗಬೇಡಿ.

1981ರಲ್ಲಿ ಸಮಾಧಿಯನ್ನು ಮತ್ತೆ ತೆಗೆದು ವೈದ್ಯರೂ ತಜ್ಞರೂ ಮೂಳೆಗಳನ್ನು ಪರೀಕ್ಷೆ ಮಾಡಿದರು. ಮುಖ ಉದ್ದ, ಎತ್ತರ ಐದೂವರೆ ಅಡಿಯ ಆಸುಪಾಸು. ನಮ್ಮ ಕ್ಯಾಲೆಂಡರಿನ ಗುಂಡು ಕೆನ್ನೆಯ ಚಿತ್ರಕ್ಕೂ ಅದಕ್ಕೂ ಹೋಲಿಕೆ ಕಡಿಮೆ.

ಅವಶೇಷ ಕಳ್ಳತನವಾಗಿತ್ತಂತೆ?

ಆಗಿತ್ತು. 1991ರ ಅಕ್ಟೋಬರ್ 10ರಂದು ಮುಖವಾಡ ಹಾಕಿದ ಬಂದೂಕುಧಾರಿಗಳು ಬೆಸಿಲಿಕಾಕ್ಕೆ ನುಗ್ಗಿ ಸಂತರ ದವಡೆಮೂಳೆ ಇಟ್ಟಿದ್ದ ಪಾತ್ರೆಯನ್ನೇ ಹೊತ್ತುಕೊಂಡು ಹೋದರು. ಆ ಭಾಗದ ಮಾಫಿಯಾ ಗುಂಪಿನ ಕೆಲಸ ಅದು. ಸರ್ಕಾರದ ಜೊತೆ ಚೌಕಾಸಿಗೆ ಅಂತ ಮಾಡಿದ್ದು. ಡಿಸೆಂಬರಿನಲ್ಲಿ ರೋಮ್ ಹತ್ತಿರ ಸಿಕ್ಕಿತು. ಕಳೆದದ್ದು ಹುಡುಕಿಕೊಡುವ ಸಂತರ ದವಡೆಯೇ ಎರಡು ತಿಂಗಳು ಕಳೆದುಹೋಗಿತ್ತು ಅಂತ ಇಟಲಿಯವರು ಎಷ್ಟು ನಕ್ಕಿರಬೇಡ!

ಅಷ್ಟಕ್ಕೂ ಕಳೆದ ವಸ್ತುವಿಗೂ ಇವರಿಗೂ ಏನು ಸಂಬಂಧ?

ಆಗ ಅಚ್ಚು ಇರಲಿಲ್ಲ. ಪುಸ್ತಕ ಅಂದರೆ ಕೈಯಲ್ಲಿ ಬರೆದದ್ದು, ತುಂಬಾ ಬೆಲೆಯದು. ಅಂತೋಣಿಯವರ ಹತ್ತಿರ ಕೀರ್ತನೆಗಳ ಪುಸ್ತಕ ಇತ್ತು. ಪಾಠಕ್ಕೆ ಬೇಕಾದ ಟಿಪ್ಪಣಿಗಳನ್ನೆಲ್ಲ ಅದರ ಅಂಚಿನಲ್ಲೇ ಬರೆದುಕೊಂಡಿದ್ದರು. ಮಠ ಬಿಟ್ಟು ಓಡಿಹೋದ ಒಬ್ಬ ಹೊಸ ಹುಡುಗ ಅದನ್ನೂ ಎತ್ತಿಕೊಂಡು ಹೋದ. ಇವರು ಪ್ರಾರ್ಥನೆ ಮಾಡಿದರು. ಹುಡುಗ ಹೆದರಿ ಪುಸ್ತಕ ವಾಪಸ್ ತಂದುಕೊಟ್ಟ, ತಾನೂ ಮಠಕ್ಕೆ ಸೇರಿಕೊಂಡ. ಅಂಥ ಪುಸ್ತಕ ಕಳೆದುಕೊಳ್ಳುವುದು ಅಂದರೆ ವರ್ಷಗಳ ಓದು ಕಳೆದುಕೊಂಡ ಹಾಗೆ. ಜೊತೆಗೆ 1233ರ ಸುಮಾರಿಗೆ ಸ್ಪೈಯರ್‌ನ ಜೂಲಿಯನ್ ಅನ್ನುವ ಸಹೋದರರು ಬರೆದ ಪ್ರಾರ್ಥನಾಗೀತೆಯಲ್ಲಿ, ಕಳೆದದ್ದನ್ನು ಕೇಳಿದರೆ ಚಿಕ್ಕವರಿಗೂ ದೊಡ್ಡವರಿಗೂ ಸಿಗುತ್ತದೆ ಅನ್ನುವ ಸಾಲು ಬರುತ್ತದೆ. ಪದುವಾದಲ್ಲಿ ಅದನ್ನು ಇಂದಿಗೂ ಹಾಡುತ್ತಾರೆ.

ಕೈಯಲ್ಲಿ ಬಾಲಯೇಸು, ಲಿಲ್ಲಿ ಹೂವು, ಪುಸ್ತಕ, ರೊಟ್ಟಿ?

ಹಳೆಯ ಚಿತ್ರಗಳಲ್ಲಿ ಇರುವುದು ಪುಸ್ತಕ ಮಾತ್ರ. ಬೋಧಕರು, ಅದಕ್ಕೆ ಪುಸ್ತಕ. ಲಿಲ್ಲಿ ಪರಿಶುದ್ಧತೆಗೆ. ಬಾಲಯೇಸು ಬಂದದ್ದು ತಡವಾಗಿ: ರಾತ್ರಿ ಅವರ ಕೋಣೆಯಲ್ಲಿ ಬೆಳಕು ಕಂಡು, ಆತಿಥ್ಯ ಕೊಟ್ಟ ಮನೆಯವನು ಇಣುಕಿ ನೋಡಿದಾಗ ಅವರ ತೋಳಲ್ಲಿ ಮಗು ಇತ್ತು ಅನ್ನುವ ಕಥೆಯಿಂದ. ಗೋವಾದ ಸಿಯೋಲಿಮ್ ಚರ್ಚಿನ ಅಂತೋಣಿಯವರ ಕೈಯಲ್ಲಂತೂ ಹಗ್ಗಕ್ಕೆ ಕಟ್ಟಿದ ಹಾವು ಇದೆ. ಅದು ಆ ಊರಿನದೇ ಕಥೆ.

ರೊಟ್ಟಿಗೆ ಎರಡು ಮೂಲ. ನೀರಿಗೆ ಬಿದ್ದು ಸತ್ತ ಮಗು ಬದುಕಿದರೆ ಅದರ ತೂಕದಷ್ಟು ಕಾಳು ಬಡವರಿಗೆ ಕೊಡುತ್ತೇನೆ ಅಂತ ಪದುವಾದ ತಾಯಿಯೊಬ್ಬಳು ಹರಕೆ ಹೊತ್ತದ್ದು ಒಂದು. ನಮ್ಮ ತುಲಾಭಾರವೇ ಅನ್ನಿ. ಇನ್ನೊಂದು 1890ರದು. ಫ್ರಾನ್ಸ್‌ನ ತುಲೋನ್‌ನಲ್ಲಿ ಲೂಯಿಸ್ ಬೂಫಿಯೆ ಅನ್ನುವ ಅಂಗಡಿಯಾಕೆಗೆ ಒಂದು ಬೆಳಗ್ಗೆ ಅಂಗಡಿಯ ಬೀಗ ತೆಗೆಯಲು ಆಗಲಿಲ್ಲ. ಬಾಗಿಲು ಒಡೆಯಬೇಕು ಅಂದ ಕೆಲಸದವನು. ಒಡೆಯದೆ ತೆರೆದರೆ ಬಡವರಿಗೆ ರೊಟ್ಟಿ ಕೊಡಿಸುತ್ತೇನೆ ಅಂತ ಆಕೆ ಅಂತೋಣಿಯವರಿಗೆ ಹೇಳಿಕೊಂಡಳು. ಬೀಗ ತೆರೆಯಿತು. ಅಂಗಡಿಯಲ್ಲೇ ಪ್ರತಿಮೆ ಇಟ್ಟು ಡಬ್ಬ ಇಟ್ಟಳು. ಇವತ್ತು ನಮ್ಮ ಚರ್ಚುಗಳಲ್ಲಿ ಕಾಣುವ 'ಬಡವರ ರೊಟ್ಟಿ' ಡಬ್ಬದ ವಂಶ ಇದು.

ಮದುವೆಯಾಗದವರು ಪ್ರತಿಮೆಯನ್ನು ತಲೆಕೆಳಗು ಮಾಡಬೇಕಂತೆ?

ಬ್ರೆಜಿಲ್ ಮತ್ತು ಪೋರ್ಚುಗಲ್‌ನಲ್ಲಿ ಮಾಡುತ್ತಾರೆ, ವರ ಸಿಗುವ ತನಕ ಸಂತರಿಗೆ ಶಿಕ್ಷೆ! ಲಿಸ್ಬನ್‌ನಲ್ಲಿ ಇವರು ಮದುವೆ ಮಾಡಿಸುವ ಸಂತರು. ಜೂನ್ 12ರ ರಾತ್ರಿ ಬೀದಿ ತುಂಬ ಬೂತಾಯಿ ಮೀನು ಸುಡುವ ಹೊಗೆ, ಹಾಡು, ಮೆರವಣಿಗೆ. ಪುಟ್ಟ ಕುಂಡದಲ್ಲಿ ಕಾಮಕಸ್ತೂರಿಯಂಥ ಘಮಘಮ ಗಿಡ, ಅದಕ್ಕೆ ಕಾಗದದ ಹೂವು, ಒಂದು ಚುಟುಕು ಪದ್ಯ ಸಿಕ್ಕಿಸಿ ಮನಸ್ಸಿಗೆ ಬಂದವರಿಗೆ ಕೊಡುತ್ತಾರೆ. ಬಡ ಜೋಡಿಗಳಿಗೆ ಸಾಮೂಹಿಕ ಮದುವೆ 1958ರಲ್ಲಿ ಶುರುವಾಯಿತು, ನಡುವೆ ನಿಂತು 1997ರಿಂದ ಮತ್ತೆ ನಡೆಯುತ್ತಿದೆ. ಲಿಸ್ಬನ್‌ನ ಅಧಿಕೃತ ಪಾಲಕ ಸಂತರು ವಿನ್ಸೆಂಟ್. ಜನರ ಮನಸ್ಸಿನಲ್ಲಿ ಮಾತ್ರ ಅಂತೋಣಿ.

ಕರ್ನಾಟಕದಲ್ಲಿ ಎಲ್ಲಿಗೆ ಹೋಗಬಹುದು? ಕ್ರೈಸ್ತರಲ್ಲದವರು ಬರಬಹುದಾ?

ಮೈಸೂರು ಜಿಲ್ಲೆಯ ಕೆ.ಆರ್. ನಗರದ ಹತ್ತಿರದ ಡೋರನಹಳ್ಳಿಗೆ. ಸುಮಾರು ಇನ್ನೂರು ವರ್ಷದ ಹಿಂದೆ ಹೊಲ ಉಳುತ್ತಿದ್ದ ರೈತನಿಗೆ ಮರದ ಪ್ರತಿಮೆ ಸಿಕ್ಕಿತಂತೆ. ಗೊಂಬೆ ಅಂದುಕೊಂಡು ಮಕ್ಕಳಿಗೆ ಆಡಲು ಕೊಟ್ಟ. ಆಮೇಲೆ ಕನಸಿನಲ್ಲಿ ಸನ್ಯಾಸಿಯೊಬ್ಬರು ಬಂದು ನನಗೊಂದು ಗುಡಿ ಕಟ್ಟು ಅಂದರು. ಹೀಗೆ ಹೇಳುತ್ತದೆ ಅಲ್ಲಿನ ಕಥೆ. 2019ರಲ್ಲಿ ಆ ಚರ್ಚಿಗೆ ಬೆಸಿಲಿಕಾ ಪದವಿ ಸಿಕ್ಕಿತು. ಅಲ್ಲಿ ಹರಕೆ ಹೊತ್ತು ಬರುವವರಲ್ಲಿ ಎಲ್ಲ ಜಾತಿ ಧರ್ಮದವರೂ ಇದ್ದಾರೆ. ಯಾರೂ ನಿಮ್ಮನ್ನು ಯಾವ ಪೈಕಿ ಅಂತ ಕೇಳುವುದಿಲ್ಲ. ಒಂದೇ ಮಾತು: ಪರಮಪ್ರಸಾದ ಸ್ವೀಕರಿಸುವುದು ದೀಕ್ಷಾಸ್ನಾನ ಪಡೆದ ಕಥೋಲಿಕರಿಗೆ, ಆ ಸಾಲಿನಲ್ಲಿ ನಿಲ್ಲಬೇಡಿ. ಮೇಣದ ಬತ್ತಿ ಹಚ್ಚಲು, ಪ್ರಾರ್ಥಿಸಲು ಎಲ್ಲರಿಗೂ ಜಾಗ ಇದೆ.

ಮಂಗಳೂರು ಕಡೆಯವರಿಗೆ ಜೆಪ್ಪುವಿನ ಸಂತ ಅಂತೋನಿ ಆಶ್ರಮ ಗೊತ್ತೇ ಇರುತ್ತದೆ. ಅಲ್ಲಿ ದಿಕ್ಕಿಲ್ಲದ ವಯಸ್ಸಾದವರನ್ನು ನೋಡಿಕೊಳ್ಳುತ್ತಾರೆ. ರೊಟ್ಟಿ ಡಬ್ಬಕ್ಕೆ ಹಾಕಿದ ದುಡ್ಡು ಹೋಗಬೇಕಾದ್ದು ಇಂಥ ಕಡೆಗೇ.

ಸಂತರನ್ನು ಪೂಜೆ ಮಾಡುತ್ತೀರಾ?

ಇಲ್ಲ. ಆರಾಧನೆ ದೇವರಿಗೆ ಮಾತ್ರ. ಸಂತರಿಗೆ ಗೌರವ, ಮತ್ತೆ ನಮಗಾಗಿ ದೇವರಲ್ಲಿ ಬೇಡಿಕೊಳ್ಳಿ ಅನ್ನುವ ಬಿನ್ನಹ. ಪ್ರತಿಮೆ ಮುಟ್ಟಿ ಅಳುತ್ತಿರುವ ಅಜ್ಜಿಯ ಹತ್ತಿರ ಈ ವ್ಯತ್ಯಾಸ ವಿವರಿಸಲು ಹೋಗಬೇಡಿ, ಅವರಿಗೆ ಅದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

'ಈ ಪ್ರಾರ್ಥನೆ 13 ಜನರಿಗೆ ಕಳಿಸಿ, ಇಲ್ಲದಿದ್ದರೆ ಕೆಟ್ಟದಾಗುತ್ತದೆ' ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ಕಳಿಸಬೇಕಾ?

ಬೇಡ. ಡಿಲೀಟ್ ಮಾಡಿ. ಚರ್ಚಿಗೂ ಅದಕ್ಕೂ ಸಂಬಂಧ ಇಲ್ಲ, ಸುಮ್ನೆ ಹೆದರಿಸುವ ಕೆಲಸ.

ಅವರು ಏನಾದರೂ ಬರೆದಿದ್ದಾರಾ?

ಭಾನುವಾರಗಳ ಮತ್ತು ಹಬ್ಬಗಳ ಪ್ರಬೋಧನೆಗಳನ್ನು ಲ್ಯಾಟಿನ್‌ನಲ್ಲಿ ಬರೆದಿದ್ದಾರೆ. ಬಯಲಿನಲ್ಲಿ ಆಡಿದ ಮಾತುಗಳಲ್ಲ ಅವು, ಬೋಧಕರಿಗೆ ಕೈಪಿಡಿ. ಓದಲು ಸುಲಭ ಅಲ್ಲ. ಒಂದು ಸಾಲಿನಿಂದ ಹತ್ತು ಅರ್ಥ ತೆಗೆಯುತ್ತಾ ಹೋಗುತ್ತಾರೆ. ಆದರೆ ಮಧ್ಯದಲ್ಲಿ ಥಟ್ಟನೆ 'ಮಾತು ಸಾಕು, ಇನ್ನು ಕೆಲಸ ಮಾತಾಡಲಿ' ಅನ್ನುವಂಥ ಸಾಲು ಸಿಗುತ್ತದೆ. ಬಡ್ಡಿಕೋರರ ಮೇಲಂತೂ ಕರುಣೆಯೇ ಇಲ್ಲ. ಈ ಬರವಣಿಗೆಯ ಕಾರಣಕ್ಕೇ 1946ರ ಜನವರಿ 16ರಂದು ಪೋಪ್ ಹನ್ನೆರಡನೇ ಪಯಸ್ ಅವರನ್ನು ಧರ್ಮಸಭೆಯ ಪಂಡಿತರು ಅಂತ ಘೋಷಿಸಿದರು.

ಪದುವಾಕ್ಕೆ ಹೋದರೆ ಏನು ನೋಡಬೇಕು?

ವೆನಿಸ್‌ನಿಂದ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ. ಬೆಸಿಲಿಕಾದ ಎಡಗಡೆ ಸಮಾಧಿ ಇದೆ. ಹಿಂಭಾಗದ ಕಲ್ಲಿಗೆ ಅಂಗೈ ಒತ್ತಿ ಪ್ರಾರ್ಥಿಸುತ್ತಾರೆ, ಪಕ್ಕದಲ್ಲಿ ಫೋಟೊಗಳು, ಚೀಟಿಗಳು ತುಂಬಿರುತ್ತವೆ. ಸುತ್ತಲಿನ ಗೋಡೆಯ ಅಮೃತಶಿಲೆಯ ಒಂಬತ್ತು ಕೆತ್ತನೆಗಳನ್ನು ಅವಸರ ಮಾಡದೆ ನೋಡಿ. ಆಮೇಲೆ ನಾಲಿಗೆ, ಆಮೇಲೆ ಡೊನಾಟೆಲ್ಲೊ ಪೀಠ. ಹೊರಗಿನ ಚೌಕದಲ್ಲಿ ಕುದುರೆ ಮೇಲೆ ಕೂತ ದೊಡ್ಡ ಕಂಚಿನ ಪ್ರತಿಮೆ ಇದೆ, ಅದೂ ಡೊನಾಟೆಲ್ಲೊ ಮಾಡಿದ್ದೇ. ಅದಕ್ಕೆ ಕೈಮುಗಿಯಬೇಡಿ. ಅದು ಗತ್ತಮೆಲಾತಾ ಅನ್ನುವ ಬಾಡಿಗೆ ಸೇನಾಪತಿಯದು.